ಅರ್ಪಿತಳ ನಡತೆ ವಿಚಾರಿಸಿದ್ದು

ಮಹದೇವಸ್ವಾಮಿಯವರು ಕೇಂದ್ರ ಸರ್ಕಾರದ ಒಂದು ಗುಪ್ತಚರ ಇಲಾಖೆಯಲ್ಲಿ, ಮೈಸೂರಿನ ಕಚೇರಿಯಲ್ಲಿ ಕೆಲಸಕ್ಕಿದ್ದಾರೆ ಎನ್ನುವುದು ಅವರ ಹುಟ್ಟೂರಾದ ಹೊಣಕೆರೆ ಕಡೆಗೆಲ್ಲ ಗೊತ್ತಿತ್ತು. ಗೊತ್ತಾಗಬಾರದಿತ್ತು. ಆದರೆ ಅವರ ತಾಯಿಗೆ ಮಗನ ನೌಕರಿಯನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದೆ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕಿದರೆ ದನಿ ತಗ್ಗಿಸಿ, ಈಗ ಯಾರ ಹಿಂದೆ ಬಿದ್ದಿದ್ದೀರಿ ಎಂದು ಕೇಳುತ್ತಿದ್ದರು. ಮಹದೇವಸ್ವಾಮಿ ನಕ್ಕು ಸುಮ್ಮನಾಗುತ್ತಿದ್ದರು. ನಿಜ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಅವರು ಹಿಂದೆ ಬಿದ್ದದ್ದು ಕಚೇರಿಯ ಕುರ್ಚಿ ರಿಪೇರಿಗೆ ಒಯ್ದು ವಾಪಸ್ಸು ತರದ ಒಬ್ಬ ಬಡಗಿಯ ಹಿಂದೆ ಮಾತ್ರ. ಅವನೂ ಕೈಗೆ ಸಿಗಲಿಲ್ಲ.

ಗುಪ್ತಚರ ಇಲಾಖೆ ಎಂದರೆ ಜನ ಕಪ್ಪು ಕನ್ನಡಕ, ಅಂಟಿಸಿದ ಮೀಸೆ ಎಂದುಕೊಳ್ಳುತ್ತಾರೆ. ಆದರೆ ಅಲ್ಲೂ ಬೆಳಗಾದರೆ ಯಾರೋ ಕಸ ಗುಡಿಸಬೇಕು, ಯಾರೋ ಒಲೆ ಹಚ್ಚಬೇಕು, ಟೈಪು ಮಾಡಬೇಕು, ಕಾರಿಗೆ ಡೀಸೆಲ್ ಹಾಕಿಸಬೇಕು. ಗುಟ್ಟು ಕಾಯುವವರಿಗೂ ಹೊಟ್ಟೆ ಹಸಿಯುತ್ತದೆ, ಅವರ ತಲೆ ಮೇಲಿನ ಫ್ಯಾನೂ ಕೆಡುತ್ತದೆ. ಮಹದೇವಸ್ವಾಮಿ ಇಂಥ ಕೆಲಸದವರ ಪೈಕಿ. ಟಪಾಲು ಗುಮಾಸ್ತರಾಗಿ ಸೇರಿ, ಉಗ್ರಾಣ ನೋಡಿಕೊಂಡು, ತಲೆ ನರೆಯುವ ಹೊತ್ತಿಗೆ ಅವರಿಗೆ ಒಂದು ಇಷ್ಟವಾದ ಜವಾಬ್ದಾರಿ ಸಿಕ್ಕಿತ್ತು. ಇಲಾಖೆಗೆ ಹೊಸದಾಗಿ ಆಯ್ಕೆಯಾದ ಅಡುಗೆಯವರು, ಡ್ರೈವರುಗಳು, ಮಾಲಿಗಳು ಇಂಥವರ ಊರಿಗೆ ಹೋಗಿ, ಎಲ್ಲಿಂದ ಬಂದೆ ಎಂದು ಹೇಳದೆ, ಮನುಷ್ಯ ಹೇಗೆ, ನಡತೆ ಹೇಗೆ, ಬಾಯಿ ಹೇಗೆ ಎಂದು ತಿಳಿದುಕೊಂಡು ಬರುವುದು. ಪೊಲೀಸರು ಬೇರೆ ವಿಚಾರಿಸುತ್ತಿದ್ದರು, ಅದು ಊರಿಗೆಲ್ಲ ಕಾಣುವ ವಿಚಾರಣೆ. ಇದು ಕಾಣದ್ದು.

ಈ ಕೆಲಸಕ್ಕೆ ತಾನು ಹೇಳಿ ಮಾಡಿಸಿದವನು ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ತನ್ನದು ಯಾರ ನೆನಪಿನಲ್ಲೂ ನಿಲ್ಲದ ಮುಖ ಎಂದು ಅವರ ನಂಬಿಕೆ. ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಹಣೆಯಲ್ಲಿ ತೆಳುವಾಗಿ ವಿಭೂತಿ. ಹೀಗೆ ಸಜ್ಜಾಗಿ ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಬಸ್ಸು ಹತ್ತಿ, ಶ್ರೀರಂಗಪಟ್ಟಣ ದಾಟಿ, ಪಾಂಡವಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಚಿನಕುರಳಿಯಿಂದ ಒಳಕ್ಕಿರುವ ಹುಣಸೆಕೊಪ್ಪಲು ಎಂಬ ಸಣ್ಣ ಊರಿಗೆ ಬಂದರು. ಅಲ್ಲಿನ ಟ್ರಾಕ್ಟರ್ ಮಂಜುನಾಥನ ಮಗಳು ಅರ್ಪಿತ ಇಲಾಖೆಯ ಡ್ರೈವರ್ ಹುದ್ದೆಗೆ ಆಯ್ಕೆಯಾಗಿದ್ದಳು. ಪರೀಕ್ಷೆ ಪಾಸಾಗಿತ್ತು, ಗಾಡಿ ಓಡಿಸಿ ತೋರಿಸಿಯೂ ಆಗಿತ್ತು. ಉಳಿದದ್ದು ನಡತೆ.

ಊರ ಬಾಗಿಲಲ್ಲಿ ಹೊಂಗೆ ಮರದ ಕೆಳಗೆ ಸುನಿತಾ ಎನ್ನುವ ಹೆಂಗಸಿನ ಟೀ ಅಂಗಡಿ. ಮಹದೇವಸ್ವಾಮಿ ಟೀ ಹೇಳಿ, ಬಿಸಿಲಿನ ಮಾತು, ಕಬ್ಬಿನ ಮಾತು ಆಡಿ, ಆಮೇಲೆ ಏನೋ ನೆನಪಾದವರ ಹಾಗೆ, ಮಂಜುನಾಥನ ಮಗಳು ಒಬ್ಬಳಿದ್ದಾಳಂತಲ್ಲ ಎಂದರು. ಸುನಿತಾ ಟೀ ಸೋಸುವುದನ್ನು ನಿಲ್ಲಿಸಿ ಅವರನ್ನು ಅಂಗಿಯಿಂದ ಚಪ್ಪಲಿಯ ತನಕ ನೋಡಿದಳು. ಸೆರಗು ಸರಿಮಾಡಿಕೊಂಡಳು. ಗ್ಲಾಸನ್ನು ಇನ್ನೊಂದು ಸಲ ತೊಳೆದಳು.

"ಬತ್ತಾರೆ ಅಂತ ಅಂದ್ಕಂಡಿದ್ದೋ. ಗಂಡಿಗೆ ಎಲ್ಲಿ ಸಾರ್ ಕೆಲಸ?" ಎಂದಳು.

ಮಹದೇವಸ್ವಾಮಿಗೆ ಈ ಕೆಲಸ ಕಲಿಸಿದ ಹಿರಿಯರೊಬ್ಬರು ಒಂದು ಮಾತು ಹೇಳಿದ್ದರು. ಜನ ತಾವಾಗಿಯೇ ಒಂದು ಅಂಗಿ ತೊಡಿಸಿದರೆ ಅದನ್ನು ಬಿಚ್ಚಬೇಡ, ಗುಂಡಿ ಹಾಕಿಕೋ ಅಂತ. ಅವರು ಗುಂಡಿ ಹಾಕಿಕೊಂಡರು. ತಾಲ್ಲೂಕು ಆಫೀಸಿನಲ್ಲಿ ಎಂದರು.

ಸುನಿತಾಗೆ ಅರ್ಪಿತ ಎಂದರೆ ಪ್ರೀತಿ. ಒಂದು ಒಳ್ಳೆಯ ಸಂಬಂಧ ತನ್ನ ಅಂಗಡಿ ಮುಂದಿನಿಂದಲೇ ಹಾದು ಹೋಗುತ್ತಿರುವಾಗ ಕೈಲಾದ ಸಹಾಯ ಮಾಡದಿದ್ದರೆ ಹೇಗೆ? ಅರ್ಪಿತಳಂಥ ಹುಡುಗಿ ಏಳು ಊರು ಹುಡುಕಿದರೂ ಸಿಗುವುದಿಲ್ಲ ಎಂದು ಶುರು ಮಾಡಿದಳು. ಹೊಸ್ತಿಲು ದಾಟಿದವಳಲ್ಲ. ಬಸ್ಸು ಹತ್ತಿದರೆ ತಲೆ ಸುತ್ತುತ್ತದೆ, ಪಾಪ. ಟ್ರಾಕ್ಟರ್ ಸದ್ದು ಕೇಳಿದರೇ ಕಿವಿ ಮುಚ್ಚಿಕೊಳ್ಳುತ್ತಾಳೆ. ಪಾಂಡವಪುರಕ್ಕೆ ಹೋಗುವ ದಾರಿ ಬಲಕ್ಕೋ ಎಡಕ್ಕೋ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ.

ಮಹದೇವಸ್ವಾಮಿ ಟೀ ಗ್ಲಾಸು ಕೆಳಗಿಟ್ಟರು. ಭಾರಿ ವಾಹನದ ಲೈಸೆನ್ಸು, ವರ್ಷಗಟ್ಟಲೆ ಟಿಪ್ಪರ್ ಓಡಿಸಿದ ಅನುಭವ ಎಂದೆಲ್ಲ ಆ ಹುಡುಗಿ ಇಲಾಖೆಗೆ ಬರೆದುಕೊಟ್ಟಿದ್ದಳು. ಗಾಡಿ ಓಡಿಸಿ ತೋರಿಸಿದವಳು ಇವಳೇನಾ ಅಥವಾ ಇವಳ ಹೆಸರಿನಲ್ಲಿ ಬೇರೆ ಯಾರಾದರೂ ಬಂದಿದ್ದರಾ? ಇಷ್ಟು ವರ್ಷಕ್ಕೆ ಮೊದಲ ಸಲ ಅವರಿಗೆ ಒಂದು ನಿಜವಾದ ಪಿತೂರಿಯ ವಾಸನೆ ಬಡಿಯಿತು.

ಮುಂದಿನ ಬೀದಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಕೆಂಪಣ್ಣನವರು ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು, ಊರಿಗೆ ಹಿರಿಯರು. ಸುನಿತಾಳ ಫೋನು ಇವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತೆಂದು ಕಾಣುತ್ತದೆ, ಚಾಪೆ ಹಾಸಿಯೇ ಇತ್ತು. ಮನೆದೇವರು ಯಾವುದು, ನೀರಾವರಿ ಎಷ್ಟು, ಖುಷ್ಕಿ ಎಷ್ಟು ಎಂದು ಕೇಳಿಯಾದ ಮೇಲೆ ಹುಡುಗನ ಕೆಲಸದ ಮಾತು ಬಂತು. ಮಹದೇವಸ್ವಾಮಿ ಪಿತೂರಿಯ ಯೋಚನೆಯಲ್ಲಿ ಮುಳುಗಿದ್ದರಿಂದ ಸುನಿತಾಗೆ ಏನು ಹೇಳಿದ್ದೆ ಎಂಬುದು ಮರೆತು, ಇಂಜಿನಿಯರು ಎಂದುಬಿಟ್ಟರು. ಕೆಂಪಣ್ಣನವರು ಇನ್ನಷ್ಟು ಹತ್ತಿರ ಸರಿದು ಕೂತರು.

"ನಮ್ಮ ಅರ್ಪಿತನ ವಿಚಾರದಾಗೆ ಒಂದ್ ಮಾತು ಯೋಳ್ತೀನಿ, ಬರ್ದಿಟ್ಕಳಿ. ಆ ಮಗೀನ ಒಟ್ಟೇಲಿ ಒಂದು ಮಾತು ನಿಲ್ಲಾಕಿಲ್ಲ. ಅಷ್ಟು ಸುದ್ದ ಮನ್ಸು. ಬೆಳಗ್ಗೆ ಕಂಡದ್ನ ಮಧ್ಯಾನ್ನಕ್ಕೆ ಊರಿಗೆಲ್ಲ ಯೋಳ್ಬುಡ್ತದೆ."

ಗುಪ್ತಚರ ಇಲಾಖೆಗೆ ಸೇರಬೇಕಾದವಳ ಬಗ್ಗೆ ಇದಕ್ಕಿಂತ ಕೆಟ್ಟ ಮಾತು ಇರಲಾರದು. ಕೆಂಪಣ್ಣನವರು ಅಷ್ಟಕ್ಕೇ ಬಿಡಲಿಲ್ಲ. ಖಾಕಿ ಬಟ್ಟೆ ಕಂಡರೆ ಹುಡುಗಿ ನಡುಗುತ್ತಾಳೆ, ಹೊಸಬರು ಮಾತಾಡಿಸಿದರೆ ಅತ್ತೇಬಿಡುತ್ತಾಳೆ, ಹೊತ್ತು ಮುಳುಗಿದ ಮೇಲೆ ಹಿತ್ತಲಿಗೆ ಹೋಗಬೇಕಾದರೂ ಅಜ್ಜಿ ಜೊತೆಗಿರಬೇಕು ಎಂದು ಒಂದೊಂದಾಗಿ ಹೊಗಳಿದರು. ಮಹದೇವಸ್ವಾಮಿ ಎದ್ದು ಕೈಮುಗಿದು ಹೊರಗೆ ಬಂದಾಗ ಹುಡುಗಿಯ ನೌಕರಿ ಮುಕ್ಕಾಲು ಪಾಲು ಹೋಗಿತ್ತು. ಅವರಿಗೆ ಬೇಸರವೇ ಆಯಿತು. ಆಯ್ಕೆಯಾದವರ ಪೈಕಿ ಲಾರಿ ಓಡಿಸುವ ಹುಡುಗಿ ಅಂತ ಇದ್ದದ್ದು ಇವಳೊಬ್ಬಳೇ. ಅವಳನ್ನು ನೋಡಬೇಕೆಂದು ಅವರಿಗೂ ಒಂದು ಕುತೂಹಲವಿತ್ತು.

ಊರ ಮುಂದಿನ ಕಾಲುವೆ ದಾರಿಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬಳು ಮುದುಕಿ ಎದುರಾದಳು. ಹೊರೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು, ಎಲ್ಲ ಗೊತ್ತಿದ್ದವಳ ಹಾಗೆ ಮಾತಾಡಿಸಿದಳು.

"ಆಗೋರ್ನೇ ಕೇಳ್ತಾ ಓದ್ರೆ ಆಗೋ ಮಾತೇ ಯೋಳ್ತಾರೆ ಕಣಪ್ಪ. ಆಗ್ದೋರ್ನೂ ಒಂದ್ ಮಾತು ಕೇಳು. ಅಗೋ, ಜಲ್ಲಿ ಗುಡ್ಡೆ ತಾವ ಕುಂತವ್ನಲ್ಲ ಶಿವಶಂಕರ, ಆ ಮನೆಯೋರ್ನ ಕಂಡ್ರೆ ಅವ್ನಿಗಾಗಕಿಲ್ಲ."

ಮಾತು ನ್ಯಾಯವಾಗಿತ್ತು. ಮಹದೇವಸ್ವಾಮಿ ಜಲ್ಲಿ ಗುಡ್ಡೆಯ ಕಡೆ ತಿರುಗಿದರು.

ಶಿವಶಂಕರ್‌ಗೆ ಒಂದು ಪಿಕಪ್ಪು, ಕಲ್ಲು ಕ್ವಾರಿಗೆ ಓಡುವ ಎರಡು ಟಿಪ್ಪರು. ಅರ್ಪಿತಳಿಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು. ಕೆ.ಆರ್.ಪೇಟೆಯಲ್ಲಿದ್ದ ತನ್ನ ಬಾಮೈದನಿಗೆ ಅವಳನ್ನು ತರಬೇಕೆಂದು ಬಹಳ ಓಡಾಡಿದ್ದ. ಅವಳು ಒಲ್ಲೆ ಎಂದಿದ್ದಳು. ಆ ಉರಿ ಇನ್ನೂ ಆರಿರಲಿಲ್ಲ. ಈಗ ಬೇರೆ ಕಡೆಯಿಂದ ಗಂಡಿನವರು ಬಂದಿದ್ದಾರೆ ಎನ್ನುವುದು ಅವನ ಕಿವಿಗೂ ಬಿದ್ದಿತ್ತು. ಮಹದೇವಸ್ವಾಮಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದು ಕೊಟ್ಟು, ಬಾಯಿಮಾತಿಗೆ ಹುಡುಗ ಏನು ಮಾಡುತ್ತಾನೆ ಎಂದು ಕೇಳಿದ. ಕಾಲೇಜಿನಲ್ಲಿ ಲೆಕ್ಚರರು ಎಂಬ ಉತ್ತರ ಹೇಗೆ ಬಂತೋ ಮಹದೇವಸ್ವಾಮಿಗೇ ಗೊತ್ತಾಗಲಿಲ್ಲ.

"ನಿಮ್ಮುನ್ನ ನೋಡುದ್ರೆ ಮರ್ವಾದಸ್ತರು ಅನ್ನಿಸ್ತದೆ, ಅದ್ಕೆ ಯೋಳ್ತಾ ಇವ್ನಿ," ಎಂದ ಶಿವಶಂಕರ್. "ಅದು ಎಣ್ಣಲ್ಲ ಸಾರ್, ಗಂಡುಬೀರಿ."

ಮಹದೇವಸ್ವಾಮಿ ಸ್ವಲ್ಪ ಮುಂದಕ್ಕೆ ಬಾಗಿ, ಗಾಡಿಗೀಡಿ ಓಡಿಸುತ್ತಾಳೋ ಎಂದು ಆಸೆಯಿಂದ ಕೇಳಿದರು. ಅದನ್ನು ಕೇಳಿದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. ಗಾಡಿಯಾ? ತನ್ನ ಟಿಪ್ಪರನ್ನು ಅವಳು ವರ್ಷಗಟ್ಟಲೆ ಓಡಿಸಿದ್ದಾಳೆ. ಗಂಡಸರು ಎದೆ ಹಿಡಿದುಕೊಳ್ಳುವಂಥ ಕ್ವಾರಿಯ ಇಳಿಜಾರಿನಲ್ಲಿ ಲೋಡು ತುಂಬಿದ ಗಾಡಿಯನ್ನು ರಿವರ್ಸಿನಲ್ಲಿ ಇಳಿಸುತ್ತಾಳೆ, ಬಾಯಲ್ಲಿ ಕಡಲೆಪುರಿ ಹಾಕಿಕೊಂಡು. ನಾಗಮಂಗಲದಿಂದ ಕೆ.ಆರ್.ಪೇಟೆಯವರೆಗೆ ಅವಳಿಗೆ ಗೊತ್ತಿಲ್ಲದ ಗಾಡಿಜಾಡಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, ಕರೆದಾಗ ಎದ್ದು ಹೊರಡುತ್ತಾಳೆ. ಎಂಜಿನ್ ಕೆಟ್ಟರೆ ತಾನೇ ಅಡಿಗೆ ನುಗ್ಗುತ್ತಾಳೆ, ಮೈಯೆಲ್ಲ ಗ್ರೀಸು. ಚೆಕ್‌ಪೋಸ್ಟಿನ ಪೊಲೀಸರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆ, ಇವಳು ಹೆದರುವುದಿರಲಿ, ಅವರಿಗೇ ಬುದ್ಧಿ ಹೇಳುತ್ತಾಳೆ.

ಶಿವಶಂಕರ್ ಒಂದೊಂದು ಚಾಡಿ ಹೇಳಿದಂತೆಲ್ಲ ಮಹದೇವಸ್ವಾಮಿಯ ಮುಖ ಅರಳುತ್ತಾ ಹೋಯಿತು. ಬಾಯಿ ಹೇಗೆ ಎಂದು ಕೊನೆಗೆ ಕೇಳಿದರು.

"ಬಾಯಾ? ಅದು ಬಾಯಲ್ಲ ಸಾರ್, ಬೀಗ."

ಎಲ್ಲಿಗೆ ಹೋಗಿದ್ದಳು, ಯಾರನ್ನು ಕಂಡಳು ಎಂದು ಹೆತ್ತ ತಾಯಿ ಕೇಳಿದರೂ ಹೇಳಳು. ನಮ್ಮ ಹುಡುಗನನ್ನು ಯಾಕೆ ಬೇಡ ಅಂದೆ ಎಂದು ಹಿರಿಯರ ಮುಂದೆ ಕೂರಿಸಿ ಕೇಳಿದರೂ ಕಾರಣ ಬಾಯಿಬಿಡಲಿಲ್ಲ. ಇಷ್ಟು ಹೇಳಿ ಶಿವಶಂಕರ್‌ಗೆ ಇನ್ನೂ ಸಾಲದೆನಿಸಿ, ತಾನು ಇಸ್ಪೀಟು ಆಡಲು ಕೆ.ಆರ್.ಪೇಟೆಗೆ ಅವಳ ಗಾಡಿಯಲ್ಲೇ ಹೋಗುತ್ತಿದ್ದುದನ್ನೂ, ತನ್ನ ಹೆಂಡತಿ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಗಂಡ ಎಲ್ಲಿಗೆ ಹೋಗುತ್ತಾನೆಂದು ಬೈದು, ಬೇಡಿ, ಕಜ್ಜಾಯ ತಿನ್ನಿಸಿ ಕೇಳಿದರೂ ಅವಳು ಕಜ್ಜಾಯ ತಿಂದು ಕೈತೊಳೆದು ಎದ್ದು ಬಂದದ್ದನ್ನೂ ಹೇಳಿದ. ಹೇಳಿಯಾದ ಮೇಲೆ, ಇದು ಯಾರ ಮೇಲಿನ ದೂರು ಎಂದು ಅವನಿಗೇ ಅನುಮಾನ ಬಂತು.

"ಇಂಥವಳೇ ಬೇಕಾಗಿತ್ತು ನಮಗೆ," ಎಂದು ಮಹದೇವಸ್ವಾಮಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಶಿವಶಂಕರ್ ಬಿಟ್ಟ ಬಾಯಿ ಬಿಟ್ಟಂತೆಯೇ ಅವರು ಹೋಗುವುದನ್ನು ನೋಡುತ್ತ ನಿಂತ. ಮಗನಿಗೆ ಹೆಣ್ಣು ಕೇಳಲು ಬಂದ ಯಾವ ಅಪ್ಪನೂ ಇಂಥ ಮಾತಿಗೆ ಹೀಗೆ ಕುಣಿದಾಡಿದ್ದನ್ನು ಅವನು ಕಂಡಿರಲಿಲ್ಲ. ಎಲ್ಲೋ ಏನೋ ಎಡವಟ್ಟಾಗಿದೆ ಎಂದು ಫೋನು ತೆಗೆದ.

ಇಷ್ಟಕ್ಕೇ ಬಸ್ಸು ಹತ್ತಿದ್ದರೆ ಮಹದೇವಸ್ವಾಮಿಗೆ ಒಳ್ಳೆಯದಿತ್ತು. ಆದರೆ ಹುಡುಗಿಯನ್ನು ಒಂದು ಸಲ ಕಣ್ಣಾರೆ ನೋಡೋಣವೆಂದು ಮಂಜುನಾಥನ ಮನೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಕೆ.ಆರ್.ಪೇಟೆಗೆ ನಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಅರ್ಪಿತ ಕಬ್ಬಿನ ಲೋಡು ಬಿಟ್ಟು ಬರಲು ಟ್ರಾಕ್ಟರಿನಲ್ಲಿ ಹೋಗಿದ್ದಳು. ಮನೆಯಲ್ಲಿದ್ದದ್ದು ಅಜ್ಜಿ ಮಾಯಮ್ಮ. ಕಾಲುವೆ ದಾರಿಯಲ್ಲಿ ಸಿಕ್ಕ ಹುಲ್ಲುಹೊರೆಯ ಮುದುಕಿಯೇ ಅವಳು.

ಅವಳು ಅದರ ಬಗ್ಗೆ ಏನೂ ಹೇಳಲಿಲ್ಲ. ಇವರೂ ಕೇಳಲಿಲ್ಲ. ಮುದ್ದೆ ಇಕ್ಕಿ, ಹಿದುಕಿದ ಅವರೆಬೇಳೆ ಸಾರು ಬಿಟ್ಟಳು. ಮಹದೇವಸ್ವಾಮಿ ಉಣ್ಣಲು ಕೂತರು. ಮಾಯಮ್ಮ ಯಾವುದನ್ನೂ ನೇರವಾಗಿ ಕೇಳುವವಳಲ್ಲ. ತನಗೆ ತೋಚಿದ್ದನ್ನು ತಪ್ಪಾಗಿ ಹೇಳುತ್ತಿದ್ದಳು, ಎದುರಿನವರು ತಿದ್ದುತ್ತಿದ್ದರು. ನಿನಗೆ ಬಿ.ಪಿ. ಅಲ್ವೇನಪ್ಪ ಎಂದರೆ, ಇಲ್ಲಮ್ಮ ಸಕ್ಕರೆ ಎಂದರು. ಹೆಂಡತಿ ಮದ್ದೂರು ಕಡೆಯೋಳು ಅಲ್ಲವೇ ಎಂದರೆ, ಅಲ್ಲ, ಬಾಬುರಾಯನಕೊಪ್ಪಲು, ಹೆಸರು ಪುಟ್ಟಲಕ್ಷ್ಮಮ್ಮ ಎಂದರು. ಸಾರು ರುಚಿಯಾಗಿತ್ತು. ಎರಡನೆಯ ಮುದ್ದೆ ಮುರಿಯುತ್ತಿದ್ದಾಗ ಮಾಯಮ್ಮ, ನಾಕು ಗಂಡು ಮಕ್ಕಳ್ನ ಸಾಕೋದು ಅಂದ್ರೆ ಸಾಮಾನ್ಯವಾ ಎಂದಳು.

"ನಾಲ್ಕೆಲ್ಲಿ ಬಂತಮ್ಮ, ಒಬ್ಬಳೇ ಮಗಳು, ಅಕ್ಷಿತಾ ಅಂತ. ಕಾಲೇಜು ಓದ್ತಿದ್ದಾಳೆ," ಎಂದರು ಮಹದೇವಸ್ವಾಮಿ.

ಎಂದ ಮೇಲೆ ತಾನೇನು ಹೇಳಿದೆ ಎಂಬುದು ಹೊಳೆಯಿತು. ವಿಚಾರಿಸಲು ಬಂದವರು ವಿಚಾರಣೆಗೆ ಒಳಗಾಗಿ, ತಪ್ಪೊಪ್ಪಿಗೆಯನ್ನೂ ಕೊಟ್ಟಾಗಿತ್ತು. ಮಾಯಮ್ಮನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇನ್ನೊಂದು ಸೌಟು ಸಾರು ಬಿಟ್ಟು, ಉಣ್ಣಪ್ಪ, ಆರೋಯ್ತದೆ ಎಂದಳು.

ಅವರು ಕೈತೊಳೆಯುವಷ್ಟರಲ್ಲಿ ಅಂಗಳ ತುಂಬಿತ್ತು. ಮುಂದೆ ಶಿವಶಂಕರ್, ಅವನ ಪಕ್ಕ ಮುಖ ಗಂಟಿಕ್ಕಿಕೊಂಡ ಕೆಂಪಣ್ಣನವರು, ಹಿಂದೆ ಅಂಗಡಿ ಬಾಗಿಲು ಹಾಕಿ ಬಂದ ಸುನಿತಾ, ಅವಳ ಹಿಂದೆ ಕೆಲಸವಿಲ್ಲದವರೆಲ್ಲ. ಮದುವೆ ಹೆಸರಿನಲ್ಲಿ ಮನೆ ಮನೆ ನೋಡಿಕೊಂಡು ಹೋಗಿ ಮೋಸ ಮಾಡುವವರ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. ಕೆಂಪಣ್ಣನವರೇ ಹಿರಿಯರಾಗಿ ಮಾತೆತ್ತಿದರು. ಸುನಿತಾಗೆ ತಾಲ್ಲೂಕು ಆಫೀಸು, ನನಗೆ ಇಂಜಿನಿಯರು, ಇವನಿಗೆ ಲೆಕ್ಚರರು, ನಿಮ್ಮ ಮಗ ಒಬ್ಬನೇ ಎಷ್ಟು ಕಡೆ ಸಂಬಳ ತಗೊಳ್ತಾನೆ ಎಂದು ಕೇಳಿದರು.

ಮಹದೇವಸ್ವಾಮಿಯ ಅಂಗಿಯ ಒಳಜೇಬಿನಲ್ಲಿ ಇಲಾಖೆಯ ಗುರುತಿನ ಚೀಟಿ ಇತ್ತು. ಅದನ್ನು ತೋರಿಸಿದರೆ ಪ್ರಾಣ ಉಳಿಯುತ್ತಿತ್ತು, ಮಾನ ಹೋಗುತ್ತಿತ್ತು. ಹುಡುಗಿಯ ಕೆಲಸದ ಗುಟ್ಟೂ ಬಟಾಬಯಲಾಗುತ್ತಿತ್ತು.

"ನನಗೆ ಮೂರು ಜನ ಗಂಡುಮಕ್ಕಳು," ಎಂದರು.

ಎಲ್ಲರೂ ಮಾಯಮ್ಮನ ಕಡೆ ನೋಡಿದರು. ಒಬ್ಬಳೇ ಮಗಳೆಂದು ಈಗ ತಾನೇ ಕಿವಿಯಾರೆ ಕೇಳಿದ್ದ ಮಾಯಮ್ಮ ಎಲೆ ಅಡಿಕೆ ಮೆಲ್ಲುತ್ತಾ, ಗೋಡೆಗೊರಗಿ ನಿಧಾನವಾಗಿ ಹೇಳಿದಳು:

"ಮುತ್ತಿನಂಥ ಐಕ್ಳು ಕಣ್ರಪ್ಪ. ಈಗ್ಲೇ ಪೋಟೋ ನೋಡ್ದೆ. ಮೂರೂ ಒಂದಕ್ಕಿಂತ ಒಂದು."

ತಾಲ್ಲೂಕು ಆಫೀಸು, ಇಂಜಿನಿಯರು, ಲೆಕ್ಚರರು. ಅರ್ಪಿತಳಿಗೆ ಬೇಕಾದದ್ದು ಒಬ್ಬ. ಉಳಿದದ್ದು ಇಬ್ಬರು. ಈ ಲೆಕ್ಕ ಅಂಗಳದಲ್ಲಿದ್ದ ಪ್ರತಿಯೊಬ್ಬರ ತಲೆಯಲ್ಲೂ ಒಟ್ಟಿಗೆ ಓಡಿತು. ಕೆಂಪಣ್ಣನವರ ಗಂಟಿಕ್ಕಿದ ಮುಖ ಹೂವಿನ ಹಾಗೆ ಬಿಚ್ಚಿಕೊಂಡಿತು. ಅವರಿಗೊಬ್ಬಳು ಮೊಮ್ಮಗಳಿದ್ದಳು, ಬಿ.ಎಡ್. ಆಗಿತ್ತು. ಸುನಿತಾಗೆ ತಂಗಿಯಿದ್ದಳು. ಶಿವಶಂಕರ್ ನಾಲ್ಕು ಹೆಜ್ಜೆ ಮುಂದೆ ಬಂದು ಮಹದೇವಸ್ವಾಮಿಯ ಕಾಲಿಗೆ ಬೀಳುವುದೊಂದು ಬಾಕಿ. ಅವನಿಗೆ ಇಬ್ಬರು ಹೆಣ್ಣುಮಕ್ಕಳು.

ಆಮೇಲೆ ಮಹದೇವಸ್ವಾಮಿಯನ್ನು ಊರು ಬಿಡಲಿಲ್ಲ. ಕೆಂಪಣ್ಣನವರ ಮನೆಯಲ್ಲಿ ಕಾಫಿ, ಸುನಿತಾಳ ಮನೆಯಲ್ಲಿ ನಿಪ್ಪಟ್ಟು, ಶಿವಶಂಕರ್ ಮನೆಯಲ್ಲಿ ಕಜ್ಜಾಯ. ಹೋದಲ್ಲೆಲ್ಲ ಒಂದು ಹೆಣ್ಣುಮಗು ಲೋಟ ಹಿಡಿದು ಬಂದು ನಿಲ್ಲುತ್ತಿತ್ತು. ತನ್ನ ಮಗಳ ವಯಸ್ಸಿನ ಆ ಹುಡುಗಿಯರ ಮುಖ ನೋಡಲಾಗದೆ ಮಹದೇವಸ್ವಾಮಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಅದನ್ನು ಎಲ್ಲರೂ ದೊಡ್ಡಮನುಷ್ಯರ ಲಕ್ಷಣ ಎಂದುಕೊಂಡರು. ಶಿವಶಂಕರ್ ಮಧ್ಯೆ ಒಮ್ಮೆ ಅವರನ್ನು ಪಕ್ಕಕ್ಕೆ ಕರೆದು, ಆಗ ಅರ್ಪಿತಳ ಬಗ್ಗೆ ಹೇಳಿದ್ದೆಲ್ಲ ಸುಳ್ಳು, ಅವಳಿಗೆ ಸೈಕಲ್ ತುಳಿಯುವುದಕ್ಕೂ ಬರುವುದಿಲ್ಲ ಎಂದ. ಹೀಗೆ ಹೊತ್ತಾಗಿ ಕೊನೆಯ ಬಸ್ಸು ಹೋಗೇಬಿಟ್ಟಿತು. ಗಾಡಿ ನಂದು ತಗೊಂಡು ಹೋಗಿ ಎಂದು ಶಿವಶಂಕರ್ ಪಿಕಪ್ಪಿನ ಕೀ ತೆಗೆದ. ಓಡಿಸುವವರು ಯಾರು ಎಂದಾಗ, ಸೈಕಲ್ ಬಾರದ ಅರ್ಪಿತಳನ್ನೇ ಕೂಗಿ ಕರೆದ. ಅದರಲ್ಲಿ ಅವನಿಗೆ ಏನೂ ತಪ್ಪು ಕಾಣಲಿಲ್ಲ.

ಅವಳು ಆಗ ತಾನೇ ಟ್ರಾಕ್ಟರ್ ನಿಲ್ಲಿಸಿ ಕೈತೊಳೆದುಕೊಂಡು ಬಂದಿದ್ದಳು. ತೆಳ್ಳಗೆ, ಕಪ್ಪಗೆ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಿದ್ದಳು. ಮಹದೇವಸ್ವಾಮಿಗೆ ನಮಸ್ಕಾರ ಮಾಡಿ ಡ್ರೈವರ್ ಸೀಟಿಗೆ ಹತ್ತಿದಳು. ಹಿಂದೆ ತೆಂಗಿನಕಾಯಿ, ಒಂದು ಚೀಲ ಅವರೆಕಾಯಿ, ಅಚ್ಚುಬೆಲ್ಲ ತುಂಬಿದರು. ಕೊನೆಗಳಿಗೆಯಲ್ಲಿ ಶಿವಶಂಕರ್ ಕಾಲು ಕಟ್ಟಿದ ಒಂದು ನಾಟಿ ಹುಂಜವನ್ನು ಕಿಟಕಿಯಿಂದ ಮಹದೇವಸ್ವಾಮಿಯ ತೊಡೆಯ ಮೇಲೆ ಇಟ್ಟ. ಬೇಡ ಎಂದರೆ ಸಂಬಂಧ ಬೇಡ ಎಂದ ಹಾಗಾಗುತ್ತಿತ್ತು.

ಇಳಿಬಿಸಿಲಿನಲ್ಲಿ ನಾಲೆ ಏರಿಯ ಮೇಲೆ ಗಾಡಿ ಹೊರಟಿತು. ಸ್ವಲ್ಪ ದೂರದಲ್ಲಿ ಜೋಡಿ ಟ್ರೇಲರ್ ಕಟ್ಟಿದ ಕಬ್ಬಿನ ಟ್ರಾಕ್ಟರೊಂದು ದಾರಿಗಡ್ಡ ಕೆಟ್ಟು ನಿಂತಿತ್ತು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಯ ಆಳ. ಅರ್ಪಿತ ಏನೂ ಮಾತಾಡದೆ ಕನ್ನಡಿ ನೋಡಿಕೊಂಡು ಹಿಂದಕ್ಕೆ ಓಡಿಸಲು ಶುರುಮಾಡಿದಳು. ಮಹದೇವಸ್ವಾಮಿ ಕಣ್ಣು ಮುಚ್ಚಿಕೊಂಡರು. ತೆರೆದಾಗ ಗಾಡಿ ಬೇರೆ ದಾರಿಯಲ್ಲಿ ಮುಂದಕ್ಕೆ ಹೋಗುತ್ತಿತ್ತು. ಹುಂಜ ತೂಕಡಿಸುತ್ತಿತ್ತು. ಇಲಾಖೆಯ ಡ್ರೈವರುಗಳ ಗಾಡಿಯಲ್ಲಿ ಅವರು ಎಷ್ಟೋ ಸಲ ಕೂತಿದ್ದರು. ಇಷ್ಟು ನೆಮ್ಮದಿಯಾಗಿ ಯಾರ ಗಾಡಿಯಲ್ಲೂ ಕೂತಿರಲಿಲ್ಲ.

ಪಾಂಡವಪುರ ದಾಟುವ ತನಕ ಅವಳು ಒಂದು ಪ್ರಶ್ನೆ ಕೇಳಲಿಲ್ಲ. ಕೊನೆಗೆ ಇವರಿಗೇ ತಡೆಯಲಾಗಲಿಲ್ಲ. ನಾನು ಯಾರು ಅಂತ ಗೊತ್ತೇನಮ್ಮ ಎಂದರು.

"ಗಂಡಿನ ಕಡೆಯೋರು ಅಂತ ನಾನೇ ಊರಲ್ಲಿ ಯೋಳಿದ್ದೆ ಸಾರ್," ಎಂದಳು ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಇಂಥ ಕೆಲಸಕ್ಕೆ ತಗೊಳೋ ಮುಂಚೆ ಊರಲ್ಲಿ ವಿಚಾರಿಸ್ದೆ ಇರ್ತಾರಾ? ಕೆಲಸದ ಮೇಲೆ ಒಬ್ರು ಬತ್ತಾರೆ ಅಂದ್ರೆ ಯಾವ ಕೆಲಸ, ಯಾಕೆ, ಏನು ಅಂತ ಜೀವ ತಿಂತಾರೆ. ಮದುವೆ ಅಂದ್ರೆ ಯಾರೂ ಏನೂ ಕೇಳಲ್ಲ. ಅವರೇ ಯೋಳ್ತಾರೆ."

ಮಹದೇವಸ್ವಾಮಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಊರಿನವರು ಅವಳಿಗೆ ಗಾಡಿಯೇ ಬರುವುದಿಲ್ಲ ಎಂದದ್ದನ್ನು ಹೇಳಿದರು. ಅವಳು ಮೊದಲ ಸಲ ನಕ್ಕಳು. ಅದೊಂದು ತನಗೆ ಹೊಳೆಯಲೇ ಇಲ್ಲವೆಂದೂ, ಮಧ್ಯಾಹ್ನ ಅಜ್ಜಿ ಫೋನು ಮಾಡಿ, ನಿನ್ನನ್ನು ಹೊಗಳಿ ಹೊಗಳಿ ಹಾಳು ಮಾಡುತ್ತಿದ್ದಾರೆ ಎಂದಾಗ ತಾನೇ ಶಿವಶಂಕರ್ ಮಾವನ ಹತ್ತಿರ ಕಳಿಸು ಎಂದದ್ದಾಗಿಯೂ ಹೇಳಿದಳು. ಅಜ್ಜಿಗೆ ಎಲ್ಲಾ ಗೊತ್ತಾ ಎಂದು ಇವರು ಕೇಳಿದ್ದಕ್ಕೆ, ಕೆಲಸ ಎಲ್ಲಿ ಎಂದು ಅಜ್ಜಿಗೂ ಹೇಳಿಲ್ಲ, ಅವರು ಕೇಳಲೂ ಇಲ್ಲ ಎಂದಳು. ಮಾಯಮ್ಮ ತನ್ನಿಂದ ಏನೇನು ಹೊರಡಿಸಿದಳು ಎಂಬುದನ್ನು ಮಹದೇವಸ್ವಾಮಿ ಹೇಳಲು ಹೋಗಲಿಲ್ಲ.

ಬಾಬುರಾಯನಕೊಪ್ಪಲಿನಲ್ಲಿ ಮೈಸೂರು ಬಸ್ಸು ಹತ್ತಿಸಿ, ಚೀಲಗಳನ್ನು ಎತ್ತಿಕೊಟ್ಟು ಅವಳು ಹೋದಳು. ಹುಂಜ ಹಿಡಿದು ಮನೆಗೆ ಬಂದ ಗಂಡನನ್ನು ನೋಡಿ ಪುಟ್ಟಲಕ್ಷ್ಮಮ್ಮ, ಯಾರ ಮದುವೆಗೆ ಹೋಗಿದ್ದಿರಿ ಎಂದು ಕೇಳಿದರು. ಆಫೀಸಿನ ವಿಷಯ ಎಂದು ಮಹದೇವಸ್ವಾಮಿ ಎಂದಿನಂತೆ ಹೇಳಿದರು. ಹೆಂಡತಿ ಎಂದಿನಂತೆ ನಂಬಲಿಲ್ಲ. ಮಾರನೆಯ ದಿನ ಎಲ್ಲವೂ ಕಚೇರಿಯ ಅಡುಗೆಮನೆಗೆ ಹೋಯಿತು. ದೇಶದ ಗುಟ್ಟು ಕಾಯುವ ಅಧಿಕಾರಿಗಳು ಅಂದು ನಾಟಿ ಕೋಳಿ ಸಾರು ಉಂಡು, ಎಲ್ಲಿಯದು ಎಂದು ಕೇಳಿದರು. ಅಡುಗೆಯವನು ಹೇಳಲಿಲ್ಲ.

ವರದಿಯಲ್ಲಿ ಮಹದೇವಸ್ವಾಮಿ ಅಭ್ಯರ್ಥಿಯ ನಡತೆ ಉತ್ತಮ, ಚಾಲನೆ ಅತ್ಯುತ್ತಮ, ಬಾಯಿ ಭದ್ರ ಎಂದು ಬರೆದರು. ಯಾರನ್ನು ವಿಚಾರಿಸಿದಿರಿ ಎಂದು ಮೇಲಧಿಕಾರಿ ಕೇಳಿದರು. ಅವಳನ್ನು ಕಂಡರೆ ಆಗದವರನ್ನು ಎಂದರು. ಅಧಿಕಾರಿ ಮೆಚ್ಚಿ ಸಹಿ ಹಾಕಿದರು.

ಕೆಲವು ವಾರ ಮಹದೇವಸ್ವಾಮಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೆಂಪಣ್ಣನವರು ಗಂಡು ನೋಡಲು ಟೆಂಪೊ ಮಾಡಿಕೊಂಡು ಮೈಸೂರಿಗೆ ಬಂದಂತೆ ಕನಸು ಬೀಳುತ್ತಿತ್ತು. ಆ ಹುಡುಗಿಯರು ಲೋಟ ಹಿಡಿದು ನಿಂತದ್ದು ನೆನಪಾಗಿ ಎದ್ದು ಕೂರುತ್ತಿದ್ದರು. ಆದರೆ ಊರಿನಿಂದ ಯಾರೂ ಬರಲಿಲ್ಲ. ಆ ಮೂರೂ ಹುಡುಗರಿಗೆ ನಾಗಮಂಗಲದ ಕಡೆ ಒಂದೇ ಮನೆಯ ಅಕ್ಕತಂಗಿಯರು ಗೊತ್ತಾಗಿಬಿಟ್ಟರು ಎಂದು ಮಾಯಮ್ಮ ಸಾರಿದ್ದಳು. ಊರಿನವರು ಅರ್ಪಿತ ಪಾಪ ಎಂದರು. ದುಡ್ಡಿದ್ದವರ ಬುದ್ಧಿಯೇ ಇಷ್ಟು ಎಂದು ಮಹದೇವಸ್ವಾಮಿಗೆ ಶಾಪ ಹಾಕಿದರು. ಆಮೇಲೆ ಕೆಂಪಣ್ಣನವರ ಮೊಮ್ಮಗಳಿಗೆ ಪಾಂಡವಪುರದ ಮೇಷ್ಟರೊಬ್ಬರು ಸಿಕ್ಕಿ ಮದುವೆಯೂ ಆಯಿತು. ಅರ್ಪಿತ ಮೈಸೂರಿನಲ್ಲಿ ಒಂದು ಕಂಪನಿಗೆ ಡ್ರೈವರಾಗಿ ಸೇರಿದಳು ಎಂದು ಊರು ತಿಳಿದುಕೊಂಡಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳು ತರಬೇತಿ ಮುಗಿಸಿ ಕಚೇರಿಗೆ ಬಂದಳು. ಮೊದಲ ದಿನ ಮೇಲಧಿಕಾರಿ ಅವಳನ್ನು ಎಲ್ಲರಿಗೂ ಪರಿಚಯ ಮಾಡಿಸುತ್ತ ಮಹದೇವಸ್ವಾಮಿಯ ಮೇಜಿನ ಹತ್ತಿರ ನಿಂತು, ಇವರೂ ನಿಮ್ಮ ಮಂಡ್ಯ ಕಡೆಯವರೇ, ಮೊದಲೇ ನೋಡಿದ್ದೀರೇನಮ್ಮ ಎಂದು ಕೇಳಿದರು. ಇಲ್ಲ ಸಾರ್ ಎಂದಳು ಅರ್ಪಿತ. ಮಹದೇವಸ್ವಾಮಿಯೂ ಕನ್ನಡಕ ಸರಿಮಾಡಿಕೊಂಡು ಅವಳನ್ನು ಹೊಸಬರನ್ನು ನೋಡುವ ಹಾಗೆ ನೋಡಿ, ಯಾವೂರಾಯ್ತಮ್ಮ ಎಂದರು.

ಸಂಜೆ ಟಪಾಲು ಒಯ್ಯಲು ಅವರು ಅವಳ ಕಾರಿನಲ್ಲಿ ಕೂತಾಗ ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾತಾಡಬಹುದಿತ್ತು. ಅವಳು ಈ ಸಲ ಮಳೆ ತಡವಾಯಿತು ಎಂದಳು. ಹೌದು, ಕಟ್ಟೆಗೆ ನೀರೇ ಬಂದಿಲ್ಲವಂತೆ ಎಂದರು ಮಹದೇವಸ್ವಾಮಿ. ಟಪಾಲು ಕಚೇರಿ ಬರುವ ತನಕ ಇಬ್ಬರೂ ಬಹಳ ಗಂಭೀರವಾಗಿ ಮಳೆಯ ವಿಷಯವನ್ನೇ ಮಾತಾಡಿದರು.